ಊನವಿದ್ದರೂ ಒದಗುವ ಫೋನು

ತಮ್ಮಾ,

ಮೊದಲ ಸಂಬಳ ಕೈಗೆ ಬಂತೆಂದು ನಿನ್ನಮ್ಮ ಹೇಳಿದಾಗ ಖುಷಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಸುದ್ದಿಯೂ ಬಂತು. ಈಗಿರುವ ಫೋನು ಬಿಟ್ಟು, ಲಕ್ಷದ ಹತ್ತಿರದ್ದೊಂದನ್ನು ಕಂತಿನ ಮೇಲೆ ತೆಗೆದುಕೊಳ್ಳುವ ಹವಣಿಕೆಯಲ್ಲಿದ್ದೀಯಂತೆ. 'ನಾ ಹೇಳಿದ್ರೆ ಕೇಳೋದಿಲ್ಲ ಭಾವ, ನೀವೇ ಒಂದು ಮಾತು ಹೇಳಿ' ಎಂದು ಕೆಲಸ ನನಗೆ ಹಚ್ಚಿದ್ದಾಳೆ. ದುಡಿದವನು ನೀನು, ದುಡ್ಡು ನಿನ್ನದು. ಬೇಡ ಅನ್ನುವ ಅಧಿಕಾರ ನನಗಿಲ್ಲ. ಆದರೆ ಒಂದೇ ಫೋನನ್ನು ಬಹುಕಾಲ ಇಟ್ಟುಕೊಂಡು, ಅದರ ಮೇಲೆ ಸಿಟ್ಟೂ ಮಾಡಿಕೊಂಡು, ಕಡೆಗೆ ಅದರೊಂದಿಗೆ ರಾಜಿಯಾದವನು ನಾನು. ಆ ಬಲದ ಮೇಲೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಆಫೀಸಿನ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಾಗ ಓದಿಕೋ.

ನನ್ನ ಫೋನನ್ನು ನೀನು ನೋಡಿದ್ದೀಯ, ನೋಡಿ ನಕ್ಕಿದ್ದೀಯ ಕೂಡ. ಸಾಗರದ ಪೇಟೆಯಲ್ಲಿ ಒಂಬತ್ತು ಸಾವಿರ ಚಿಲ್ಲರೆಗೆ ಕೊಂಡದ್ದು. ಅದರ ದೋಷಗಳನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡಪ್ಪ ತನ್ನ ಮಾಲನ್ನು ತಾನೇ ಹೊಗಳಿಕೊಂಡ ಅನ್ನುವ ಮಾತು ಬೇಡ. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ತೆಗೆದ ಫೋಟೋದಲ್ಲಿ ಯಾರು ಯಾರೆಂಬುದನ್ನು ಉಟ್ಟ ಬಟ್ಟೆಯಿಂದ ಊಹಿಸಬೇಕು. ಸ್ಪೀಕರಿನ ದನಿ ಏರಿಸಿದರೆ ಕರಕರ ಅನ್ನುತ್ತದೆ. ಪರದೆಯ ಒಂದು ಮೂಲೆ ಬಿರುಕು ಬಿಟ್ಟಿದೆ. ಬೆರಳು ಒತ್ತಿದರೆ ಹೆಚ್ಚಿನ ಸಲ ನನ್ನನ್ನು ಗುರುತಿಸುವುದೇ ಇಲ್ಲ. ಇದರಲ್ಲಿ ಫೋನಿನ ಪಾಲೆಷ್ಟು, ನನ್ನ ಬೆರಳಿನ ಪಾಲೆಷ್ಟು ಹೇಳಲಾರೆ. ವರ್ಷಗಟ್ಟಲೆ ಅಡಿಕೆ ಸುಲಿದವರ ಬೆರಳಿನ ಗೆರೆ ಸವೆದಿರುತ್ತದೆ, ರೇಷನ್ ಅಂಗಡಿಯ ಯಂತ್ರವೂ ನನ್ನ ಹೆಬ್ಬೆರಳನ್ನು ಒಂದೇ ಸಲಕ್ಕೆ ನಂಬಿದ್ದಿಲ್ಲ. ಫೋನಿಗೆ ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಮರೆತು ಕೂರುತ್ತದೆ. ಇಷ್ಟೆಲ್ಲ ಇದ್ದೂ ಅದನ್ನು ಬದಲಾಯಿಸಬೇಕೆಂದು ನನಗೆ ಅನ್ನಿಸಿಲ್ಲ. ಜಿಪುಣತನ ಅಂದುಕೊಳ್ಳಬೇಡ, ಕಾರಣ ಬೇರೆ ಇದೆ.

ನಮ್ಮ ಕಡೆಯ ಮಳೆಗಾಲ ನಿನಗೆ ಗೊತ್ತಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ರಾತ್ರಿ ಕೊಟ್ಟಿಗೆಗೆ ಹೋಗಬೇಕಾದರೆ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲಿಡುವ ಮುಂಚೆ ಫೋನಿನ ಟಾರ್ಚು ಬೇಕು. ನಿನ್ನ ದೊಡ್ಡಮ್ಮನ ಬಿಪಿ ಮಾತ್ರೆಯ ಪಟ್ಟಿಯ ಮೇಲೆ ಎಕ್ಸ್‌ಪೈರಿ ತಾರೀಕನ್ನು ಬೆಳ್ಳಿ ಹಾಳೆಗೆ ಒತ್ತಿ ಅಚ್ಚು ಮಾಡಿರುತ್ತಾರೆ, ಕನ್ನಡಕ ಹಾಕಿದರೂ ಕಾಣದು. ಕ್ಯಾಮೆರಾ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಕೊಂಚ ಓರೆ ಹಿಡಿದರೆ ಅಂಕಿಗಳು ಎದ್ದು ಕಾಣುತ್ತವೆ. ನೇರ ಬೆಳಕು ಬಿದ್ದರೆ ಬರೀ ಹೊಳಪು, ಓರೆ ಬೆಳಕಿನಲ್ಲಿ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ರಾತ್ರಿ ಮುಖ ಹಿಡಿಯಲಾಗದ ಅದೇ ಕ್ಯಾಮೆರಾ ಹಗಲು ಈ ಕೆಲಸವನ್ನು ಒಪ್ಪವಾಗಿ ಮಾಡಿಕೊಡುತ್ತದೆ.

ಫೋನಿನಲ್ಲಿ ಎಫ್ಎಂ ರೇಡಿಯೊ ಇದೆ. ಇಯರ್‌ಫೋನಿನ ತಂತಿ ಚುಚ್ಚಿದರೆ ಮಾತ್ರ ಹಾಡುತ್ತದೆ, ಯಾಕೆಂದರೆ ಆ ತಂತಿಯೇ ಅದಕ್ಕೆ ಆಂಟೆನಾ. ಡೇಟಾ ಬೇಡ, ಇಂಟರ್ನೆಟ್ಟು ಬೇಡ. ಟವರು ಸತ್ತ ದಿನವೂ ಆಕಾಶವಾಣಿಯ ವಾರ್ತೆ ಕಿವಿಗೆ ಬೀಳುತ್ತದೆ. 2016ರಲ್ಲಿ ಆಪಲ್‌ನವರು ಐಫೋನ್ 7ರಿಂದ ಆ ದುಂಡನೆಯ ತೂತನ್ನೇ ತೆಗೆದುಹಾಕಿದರು. ಆಮೇಲೆ ದುಬಾರಿ ಫೋನು ಮಾಡುವ ಉಳಿದವರಲ್ಲಿ ಬಹುಪಾಲು ಜನ ಅದೇ ಹಾದಿ ಹಿಡಿದರು. ಮೆಮೊರಿ ಕಾರ್ಡಿನ ಜಾಗವೂ ಹೀಗೇ ಹೋಯಿತು. ಹಣ ಹೆಚ್ಚು ಕೊಟ್ಟವನಿಗೆ ಸೌಕರ್ಯ ಕಡಿಮೆಯಾಗುವ ಈ ಲೆಕ್ಕ, ಇಷ್ಟು ವರ್ಷ ಗಣಿತ ಹೇಳಿಕೊಟ್ಟ ನನಗೂ ಬಿಡಿಸಲು ಬಂದಿಲ್ಲ. ನನ್ನದರಲ್ಲಿ ಎರಡು ಸಿಮ್ಮು, ಒಂದು ಕಾರ್ಡು, ಒಂದು ತೂತು ಎಲ್ಲವೂ ಇದೆ. ಎರಡು ಸಿಮ್ಮಿನ ಬೆಲೆ ಬೆಂಗಳೂರಿನಲ್ಲಿ ತಿಳಿಯುವುದಿಲ್ಲ. ಇಲ್ಲಿ ಒಂದು ಕಂಪನಿಯ ಸಿಗ್ನಲ್ಲು ಬಾವಿಕಟ್ಟೆಯ ಬಳಿ, ಇನ್ನೊಂದರದ್ದು ಜಗಲಿಯ ತುದಿಯಲ್ಲಿ.

ಮಳೆಗಾಲದ ತಾಳಮದ್ದಳೆಗಳನ್ನು ನಾನು ಅದರಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ಚಂಡೆಯ ಎದುರಿಗೆ ಇಟ್ಟರೆ ದನಿ ಒಡೆದು ಬರುತ್ತದೆ, ಅದರ ಮೈಕು ಅಷ್ಟು ಪೆಟ್ಟು ತಾಳದು. ಅರ್ಥಧಾರಿಗಳ ಬದಿಗೆ, ಕಂಬದ ಮರೆಯಲ್ಲಿ, ಮಡಚಿದ ಶಾಲಿನ ಮೇಲೆ ಇಟ್ಟೆನೆಂದರೆ ಮಾತೂ ಸ್ಪಷ್ಟ, ಭಾಗವತರ ಪದವೂ ಹದ. ಸ್ಟುಡಿಯೋದವರು ಮೂಗು ಮುರಿಯಬಹುದು. ನನ್ನ ಕಿವಿಗೆ ಅಷ್ಟು ಸಾಕು. ಇನ್ನು ಸಿಡಿಲಿನ ಎಚ್ಚರಿಕೆಗೆ ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ', ಮಳೆಯ ಅಂದಾಜಿಗೆ 'ಮೇಘದೂತ' ಇವೆ. ಅವುಗಳ ಮಾತು ಎಲ್ಲ ದಿನವೂ ಫಲಿಸುವುದಿಲ್ಲ, ಅಂಗಳದಲ್ಲಿ ಅಡಿಕೆ ಹರವಿದ ದಿನ ನೋಡದೆ ಇರಲೂ ಆಗುವುದಿಲ್ಲ.

ಈಗ ನಿನಗೆ 'ದಿಶಾಂಕ್' ಕಥೆ ಹೇಳಬೇಕು, ನನ್ನ ಮಾತಿನ ತಿರುಳು ಇರುವುದು ಅಲ್ಲಿ. ನಮ್ಮ ರಾಜ್ಯದ ದೂರ ಸಂವೇದಿ ಕೇಂದ್ರದವರು ಮಾಡಿದ ಆ್ಯಪು ಅದು. ನೀನು ನಿಂತ ಜಾಗದ ಸರ್ವೆ ನಂಬರು ಯಾವುದೆಂದು ನಕ್ಷೆಯ ಮೇಲೆ ತೋರಿಸುತ್ತದೆ. ಮೊದಲಾದರೆ ಗ್ರಾಮ ನಕ್ಷೆಗಾಗಿ ತಾಲೂಕು ಕಚೇರಿಗೆ ಅಲೆಯಬೇಕಿತ್ತು. ಈಗ ಗದ್ದೆಯ ಅಂಚಿನಲ್ಲಿ ನಿಂತು ಫೋನು ತೆರೆದರೆ ಸಾಕು, ಇದು ಖಾಸಗಿ ಜಮೀನೋ, ಸರ್ಕಾರಿ ಖರಾಬೋ ಎಂಬ ಸುಳಿವು ಕೈಯಲ್ಲೇ ಸಿಗುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಕೆಳಗಿನ ತೋಟದ ಇಬ್ಬರು ಹಿಸ್ಸೆದಾರರಿಗೆ ಬೇಲಿಯ ತಕರಾರು ಬಂತು. ಒಬ್ಬರು ಫೋನು ಹಿಡಿದು ಬೇಲಿಯುದ್ದಕ್ಕೂ ನಡೆದರು. ನೀಲಿ ಚುಕ್ಕೆ ಗೆರೆಯ ಆಚೆ ಬಂದಾಗ 'ನೋಡಿ, ನಿಮ್ಮ ಬೇಲಿ ನಮ್ಮ ಜಾಗದಲ್ಲಿ' ಎಂದರು. ಇನ್ನೊಬ್ಬರು ತಮ್ಮ ಫೋನು ತೆಗೆದರು, ಅದರಲ್ಲಿ ಚುಕ್ಕೆ ಗೆರೆಯ ಈಚೆ ಇತ್ತು. ಇಬ್ಬರೂ ನನ್ನ ಹತ್ತಿರ ಬಂದರು.

ನಾನು ಹೇಳಿದ್ದು ಇಷ್ಟೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನ ಜಿಪಿಎಸ್ಸು ಐದು ಮೀಟರಿನಷ್ಟು ಆಚೀಚೆ ಇರುತ್ತದೆ. ಮರಗಳ ಮುಚ್ಚಿಗೆಯ ಅಡಿಯಲ್ಲಿ, ಗುಡ್ಡದ ಮಗ್ಗುಲಲ್ಲಿ ಅದು ಇನ್ನೂ ತಪ್ಪುತ್ತದೆ. ಐದು ಮೀಟರೆಂದರೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಮರದ ಹೆಚ್ಚುಕಡಿಮೆ ಎರಡು ಸಾಲು. ಎರಡು ಸಾಲು ಅಡಿಕೆಗಾಗಿ ಅಲ್ಲವೇ ಇವರು ಜಗಳಾಡುತ್ತಿದ್ದದ್ದು? ಸರ್ವೆ ನಂಬರು ತಿಳಿಯುವುದಕ್ಕೆ ಆ ಫೋನು ಬೇಕಾದಷ್ಟಾಯಿತು. ಗಡಿ ಗುರುತಿಸುವುದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರನ್ನೇ ಕರೆಸಬೇಕು. ನೀನು ಲಕ್ಷದ ಫೋನು ತಂದು ಆ ತೋಟದಲ್ಲಿ ನಿಂತರೂ ಅರ್ಜಿ ಹಾಕುವುದು ತಪ್ಪುವುದಿಲ್ಲ. ಹೀಗೆ ಒಂದು ವಸ್ತು ಎಲ್ಲಿಯವರೆಗೆ ಒದಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಖಚಿತವಾಗಿ ತಿಳಿದಿದ್ದರೆ ಅದರ ಊನ ಅಷ್ಟಾಗಿ ಕಾಡುವುದಿಲ್ಲ. ತಿಳಿಯದಿದ್ದವನಿಗೆ ಎಷ್ಟು ಬೆಲೆಯದ್ದು ಕೊಟ್ಟರೂ ಕಿರಿಕಿರಿಯೇ.

ನಿನ್ನಜ್ಜನ ಕಾಲದಲ್ಲಿ ನಮ್ಮ ಮನೆಗೆ ಒಬ್ಬ ಆಳು ಬರುತ್ತಿದ್ದ. ಬೇಲಿ ಕಟ್ಟುತ್ತಿದ್ದ, ಹೆಂಚು ಸರಿಪಡಿಸುತ್ತಿದ್ದ, ಕರು ಹಾಕುವಾಗ ಹಸುವಿನ ಬಳಿ ಕೂರುತ್ತಿದ್ದ, ಮದುವೆಮನೆಯಲ್ಲಿ ಬೆಲ್ಲದ ಪಾಕವನ್ನೂ ನೋಡಿಕೊಳ್ಳುತ್ತಿದ್ದ. ಯಾವುದರಲ್ಲೂ ಅವನು ಊರಿಗೇ ಮೊದಲಿಗನಲ್ಲ. ಬಡಗಿಯಷ್ಟು ಚಂದ ಬಾಗಿಲು ಮಾಡಲು ಬರುತ್ತಿರಲಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಮನೆಯವರ ಬಾಯಿಗೆ ಬರುತ್ತಿದ್ದದ್ದು ಅವನ ಹೆಸರೇ. ಈ ಒಂಬತ್ತು ಸಾವಿರದ ಫೋನು ನನಗೆ ಆ ಜಾತಿಯದ್ದು.

ಕನ್ನಡದ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಕನ್ನಡ ಬರೀ ಚೌಕಚೌಕವಾಗಿ ಕಾಣುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ; ಮೆಸೇಜು ಬಂದರೆ ಕಿಟಕಿಗಳ ಸಾಲು ಬಂದಂತೆ ಇರುತ್ತಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಕಂಪ್ಯೂಟರಿನ ಮುಂದೆ ಕೂತು ಕಲಿತವನಿಗೆ ಈಗ ಅಂಗೈಯಲ್ಲಿ ಅದೇ ಕನ್ನಡ ಸರಾಗವಾಗಿ ಓಡುವುದು ಸಣ್ಣ ಸಂಗತಿಯಲ್ಲ. 2017ರ ಆಗಸ್ಟಿನಲ್ಲಿ ಗೂಗಲ್‌ನವರು ಕನ್ನಡದಲ್ಲಿ ಮಾತಾಡಿದ್ದನ್ನು ಬರೆದುಕೊಳ್ಳುವ ಸೌಲಭ್ಯ ಕೊಟ್ಟರು. ಈ ಪತ್ರದ ಅರ್ಧದಷ್ಟನ್ನು ನಾನು ಜಗಲಿಯಲ್ಲಿ ಕೂತು ಹಾಗೆಯೇ ಹೇಳಿ ಬರೆಸಿದ್ದೇನೆ. ತಪ್ಪು ಮಾಡುತ್ತದೆ, ಮಾಡದೆ ಏನು? 'ಕೊನೆಗೌಡ ಬಂದ' ಎಂದರೆ 'ಕೊನೆಗೂ ಗೌಡ ಬಂದ' ಎಂದು ಬರೆಯುತ್ತದೆ. ಅಡಿಕೆ ಕೊನೆ ಕೊಯ್ಯುವ ಆ ಕೊನೆಗೌಡನಿಗಾಗಿ ಕೊಯ್ಲಿನ ದಿನಗಳಲ್ಲಿ ಕಾದವರಿಗೆ ಅದೇ ಹೆಚ್ಚು ಸರಿ ಅನ್ನಿಸೀತು! ಮನೆಮಾತಿನಲ್ಲಿ ಹೇಳಿದರೆ ಪೂರ್ತಿ ತಬ್ಬಿಬ್ಬಾಗುತ್ತದೆ. ತಿದ್ದಿಕೊಂಡರಾಯಿತು. ಕಣ್ಣು ಮಂಜಾಗುತ್ತಿರುವ ವಯಸ್ಸಿನಲ್ಲಿ, ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಒತ್ತುವುದಕ್ಕಿಂತ ಹತ್ತು ತಪ್ಪು ತಿದ್ದುವುದು ಸುಲಭ.

ನಿನ್ನ ವಾದಗಳನ್ನೂ ನಿನ್ನಮ್ಮ ಹೇಳಿದ್ದಾಳೆ. ಮೊದಲನೆಯದು ಕ್ಯಾಮೆರಾ. ನಲವತ್ತೆಂಟು ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅಂಥ ಹೆಚ್ಚಿನ ಫೋನುಗಳು ನಾಲ್ಕು ಚುಕ್ಕೆಗಳನ್ನು ಒಂದಾಗಿ ಕೂಡಿಸಿ ಹನ್ನೆರಡರ ಫೋಟೋವನ್ನೇ ಕೊಡುವುದು. ನಿಜವಾದ ವ್ಯತ್ಯಾಸ ಇರುವುದು ಬೆಳಕು ಹಿಡಿಯುವ ಸೆನ್ಸರಿನ ಅಗಲದಲ್ಲಿ, ಕೈ ಅಲುಗಾಡದಿರುವುದರಲ್ಲಿ. ದುಬಾರಿ ಫೋನು ಅಲ್ಲಿ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ನೀನು ತೆಗೆದ ಫೋಟೋ ಹೋಗುವುದೆಲ್ಲಿಗೆ? ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ. ಅದು ಕಳಿಸುವಾಗಲೇ ಹಿಂಡಿ ಸಣ್ಣದು ಮಾಡುತ್ತದೆ. ನಾವಿಲ್ಲಿ ನೋಡುವುದು ಹಿಂಡಿದ್ದನ್ನೇ. ಫೋಟೋ ತೆಗೆಯುವುದೇ ನಿನ್ನ ಹವ್ಯಾಸವಾಗಿದ್ದರೆ ಮಾತು ಬೇರೆ. ಹವ್ಯಾಸಕ್ಕೆ ಖರ್ಚು ಮಾಡುವವರನ್ನು ನಾನು ಬೈಯುವುದಿಲ್ಲ.

ಎರಡನೆಯದು, ಸಂಜೆ ನಾಲ್ಕಕ್ಕೇ ಚಾರ್ಜು ಮುಗಿಯುತ್ತದೆ ಎಂಬುದು. ಇದು ಬ್ಯಾಟರಿಯ ರೋಗ, ಫೋನಿನದ್ದಲ್ಲ. ಲಿಥಿಯಂ ಬ್ಯಾಟರಿ ಐನೂರರ ಆಸುಪಾಸು ಸಲ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಹೊಸದರಲ್ಲಿದ್ದ ಶಕ್ತಿಯ ಶೇ. 80ಕ್ಕೆ ಇಳಿಯುವುದು ಸಾಮಾನ್ಯ; ಈಚಿನ ಕೆಲವು ಇನ್ನೂ ಹೆಚ್ಚು ಬಾಳುತ್ತವೆ. ಬಿಸಿ ಅದರ ದೊಡ್ಡ ಶತ್ರು. ಚಾರ್ಜಿಗೆ ಹಾಕಿಕೊಂಡೇ ಆಟ ಆಡುವುದು, ಬೈಕಿನ ಮೇಲೆ ಬಿಸಿಲಿಗೆ ಸಿಕ್ಕಿಸಿ ಮ್ಯಾಪು ನೋಡುವುದು, ಇವೆಲ್ಲ ಅದರ ಆಯುಸ್ಸು ತಿನ್ನುತ್ತವೆ. ಆ ಫೋನಿನ ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ ಬ್ಯಾಟರಿ ಬದಲಾಯಿಸಿದರೆ ಎಷ್ಟಾಗುತ್ತದೆಂದು ಒಮ್ಮೆ ವಿಚಾರಿಸು. ಬೆಂಗಳೂರಿನಲ್ಲಿದ್ದೂ ಫೋನು ರಿಪೇರಿಯ ಅಂಗಡಿಗಳಿರುವ ಎಸ್.ಪಿ. ರೋಡಿನ ಕಡೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಕಡೆ ಒಂದು ಸುತ್ತು ಹೋಗಿಲ್ಲವೆಂದರೆ ಏನು ಹೇಳಲಿ. ನಿಧಾನವಾಗಿದೆ ಅನ್ನುವ ದೂರಿಗೂ ಅರ್ಧ ಮದ್ದು ನಿನ್ನ ಕೈಯಲ್ಲೇ ಇದೆ. ಜಾಗ ಕಂಠಮಟ್ಟ ತುಂಬಿದ ಫೋನು ತೆವಳದೆ ಇನ್ನೇನು ಮಾಡೀತು? ಶುಭೋದಯದ ಹೂವುಗಳನ್ನೆಲ್ಲ ಅಳಿಸು, ವಾಟ್ಸ್ಆ್ಯಪ್ಪಿನಲ್ಲಿ ತಾನಾಗಿ ಇಳಿಯುವುದನ್ನು ನಿಲ್ಲಿಸು.

'ಐಫೋನು ಈಗ ನಮ್ಮ ಕೋಲಾರದ್ದೇ ದೊಡ್ಡಪ್ಪ' ಎಂದು ಹಿಂದೊಮ್ಮೆ ಅಂದಿದ್ದೆ. ಹೌದು, ನರಸಾಪುರದ ಕಾರ್ಖಾನೆಯಲ್ಲಿ ಜೋಡಿಸುತ್ತಾರೆ, ವಿಸ್ಟ್ರಾನ್‌ನವರ ಕೈಯಿಂದ 2023ರಲ್ಲಿ ಟಾಟಾದವರಿಗೆ ಬಂತು. ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿದೆ, ಸಂತೋಷ. ಕೋಲಾರದ್ದೆಂದು ನಿನಗೆ ಅಗ್ಗಕ್ಕೆ ಕೊಡುತ್ತಾರೆಯೇ?

ಕಂತಿನ ಮಾತು ನನಗೆ ಎಲ್ಲಕ್ಕಿಂತ ಕಳವಳದ್ದು. ಬಡ್ಡಿಯೇ ಇಲ್ಲದ ಕಂತು ಎಂದು ಬೋರ್ಡು ಹಾಕಿರುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಅಸ್ತಿತ್ವದಲ್ಲಿಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀಸಿನ ರೂಪದಲ್ಲಿ ಮರೆಮಾಡಿ ಗಿರಾಕಿಯಿಂದ ವಸೂಲು ಮಾಡಲಾಗುತ್ತಿದೆ ಎಂಬ ಅರ್ಥದಲ್ಲಿ ಹೇಳಿತ್ತು. ಈಗಲೂ ಅಂಗಡಿಗೆ ಹೋಗಿ ಎರಡು ಪ್ರಶ್ನೆ ಕೇಳು: ಪೂರ್ತಿ ಹಣ ಒಂದೇ ಸಲ ಕೊಟ್ಟರೆ ಎಷ್ಟು ಬಿಡುತ್ತೀರಿ, ಕಂತಾದರೆ ಫೀಸು ಮತ್ತು ಅದರ ಮೇಲಿನ ಜಿಎಸ್‌ಟಿ ಎಷ್ಟು? ಎರಡನ್ನೂ ಕೂಡಿದರೆ ಬರುವುದೇ ನಿನ್ನ ಬಡ್ಡಿ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಿಂಗಳು ತಿಂಗಳು ಕಟ್ಟುವ ಸಾಲ ಇಟ್ಟುಕೊಂಡರೆ, ಆ ಕೆಲಸ ಹಿಡಿಸದಿದ್ದಾಗ ಬಿಡುವ ಧೈರ್ಯ ಬರುವುದಿಲ್ಲ. ಫೋನಿಗಾಗಿ ಕೆಲಸಕ್ಕೆ ಕಟ್ಟುಬಿದ್ದ ಹುಡುಗರನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ನೋಡಿದ್ದೇನೆ.

ಹಾಗೆಂದು ಇದ್ದದ್ದರಲ್ಲೇ ತೃಪ್ತಿಪಡು ಎಂದು ಕಣ್ಣುಮುಚ್ಚಿ ಹೇಳುವ ಪೈಕಿಯವನಲ್ಲ ನಾನು. ಕೆಲವು ಊನಗಳನ್ನು ಒಂದು ದಿನವೂ ಸಹಿಸಬಾರದು. ಫೋನಿನ ಬೆನ್ನು ಉಬ್ಬಿ ಮುಚ್ಚಳ ಬಾಯಿಬಿಟ್ಟರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಒತ್ತಬೇಡ, ಚುಚ್ಚಬೇಡ, ಚಾರ್ಜಿಗಂತೂ ಹಾಕಲೇಬೇಡ. ಆಫ್ ಮಾಡಿ ರಿಪೇರಿಯವರ ಹತ್ತಿರ ಒಯ್ಯಿ. ಇನ್ನೊಂದು, ಕಣ್ಣಿಗೆ ಕಾಣದ ಊನ. ಸೆಟ್ಟಿಂಗ್ಸ್‌ಗೆ ಹೋಗಿ 'ಅಬೌಟ್ ಫೋನ್' ತೆರೆದು, ಆಂಡ್ರಾಯ್ಡ್ ವರ್ಷನ್ನಿನ ಕೆಳಗೆ ಸೆಕ್ಯುರಿಟಿ ಅಪ್‌ಡೇಟಿನ ತಾರೀಕು ನೋಡು. ಕಂಪನಿಯವರು ಭದ್ರತೆಯ ತೇಪೆ ಹಾಕುವುದನ್ನು ಯಾವಾಗ ನಿಲ್ಲಿಸಿದರೆಂದು ಅದು ಹೇಳುತ್ತದೆ. ಅಗ್ಗದ ಫೋನುಗಳಿಗೆ ಎರಡು ಮೂರು ವರ್ಷಕ್ಕೇ ನಿಲ್ಲಿಸುವುದುಂಟು. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಎಸ್ 24ಕ್ಕೆ ಏಳು ವರ್ಷ ಕೊಡುತ್ತೇವೆ ಎಂದಿವೆ. ದುಬಾರಿ ಫೋನಿನ ಪರವಾಗಿ ನನಗೆ ಕಂಡ ಒಂದೇ ಗಟ್ಟಿ ಮಾತು ಇದು, ಅಂಗಡಿಯ ಹುಡುಗ ಮಾತ್ರ ಇದನ್ನು ಹೇಳುವುದೇ ಇಲ್ಲ. ಆ್ಯಪುಗಳೂ ಒಂದು ದಿನ ಕೈಬಿಡುತ್ತವೆ. ಆಂಡ್ರಾಯ್ಡ್ ಕಿಟ್‌ಕ್ಯಾಟ್ ಇರುವ ಫೋನುಗಳಲ್ಲಿ 2025ರ ಜನವರಿಯಿಂದ ವಾಟ್ಸ್ಆ್ಯಪ್ ನಿಂತಿತು. ಕಿಟ್‌ಕ್ಯಾಟ್ ಬಂದದ್ದು 2013ರಲ್ಲಿ, ಅಂದರೆ ಅಷ್ಟು ಕಾಲ ಹಳೆಯವೂ ಬಾಳಿದವು.

ನನ್ನದಕ್ಕೂ ತೇಪೆ ಬರುವುದು ನಿಂತಿದೆ. ಅದಕ್ಕೇ ಪಿಂಚಣಿ ಬರುವ ಖಾತೆಯನ್ನು ಅದರ ಯುಪಿಐಗೆ ಜೋಡಿಸಿಲ್ಲ. ಕೈಖರ್ಚಿನ ಒಂದು ಸಣ್ಣ ಖಾತೆ ಮಾತ್ರ ಅದರಲ್ಲಿದೆ, ಹಾಲು ತರಕಾರಿಗೆ ಸಾಕು. ಯಾರೋ ಕಳಿಸಿದ ಲಿಂಕು ಒತ್ತುವುದಿಲ್ಲ, ಪೊಲೀಸರೆಂದು ವಿಡಿಯೊ ಕಾಲಿನಲ್ಲಿ ಹೆದರಿಸಿದರೆ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸುತ್ತೇನೆ. ಇದನ್ನು ಬದಲಾಯಿಸುವ ದಿನ ದೂರವಿಲ್ಲ ಎಂಬುದೂ ಗೊತ್ತು. ಆಗ ಕೊಳ್ಳುವುದೂ ಇದೇ ಜಾತಿಯದ್ದನ್ನೇ, ಆದರೆ ಎಷ್ಟು ವರ್ಷ ಅಪ್‌ಡೇಟು ಕೊಡುತ್ತೀರೆಂದು ಮೊದಲು ಕೇಳಿ.

ನಿನಗೊಂದು ಕೆಲಸ ಹಚ್ಚುತ್ತೇನೆ, ಮೇಷ್ಟ್ರ ಬುದ್ಧಿ ಬಿಡಲಿಲ್ಲ ಅಂದುಕೊಂಡರೂ ಅಡ್ಡಿಯಿಲ್ಲ. ದೀಪಾವಳಿಯವರೆಗೆ ಹೊಸ ಫೋನಿನ ಮಾತು ಬದಿಗಿಡು. ಈಗಿನದ್ದು ನಿನ್ನನ್ನು ಎಲ್ಲೆಲ್ಲಿ ಕೈಬಿಟ್ಟಿತೋ ಅದನ್ನು ಆಗಾಗಲೇ ಒಂದು ಚೀಟಿಯಲ್ಲಿ ಬರೆದಿಡು. 'ಸ್ಲೋ' ಎಂದಷ್ಟೇ ಬರೆಯಬೇಡ. ಯಾವ ಕೆಲಸ, ಯಾವ ಹೊತ್ತು, ಅದರಿಂದ ಏನು ಕೆಟ್ಟಿತು, ಹಾಗೆ ಬರೆ. ಪಕ್ಕದ ಮೇಜಿನವನ ಫೋನು ನೋಡಿ ನಾಚಿಕೆಯಾದದ್ದಿದ್ದರೆ ಅದನ್ನೂ ಬರೆ, ಮುಚ್ಚಿಡಬೇಡ. ಹಬ್ಬಕ್ಕೆ ಊರಿಗೆ ಬಂದಾಗ ಕೂತು ನೋಡೋಣ. ಬ್ಯಾಟರಿಯಿಂದ ಸರಿಹೋಗುವುದೆಷ್ಟು, ಜಾಗ ಖಾಲಿ ಮಾಡಿದರೆ ಸರಿಹೋಗುವುದೆಷ್ಟು, ಯಾವ ಫೋನು ತಂದರೂ ಸರಿಹೋಗದ್ದು ಎಷ್ಟು ಎಂದು ಬೇರೆ ಮಾಡೋಣ. ಇಲ್ಲಿಗೆ ಬಂದಾಗ ಸಿಗ್ನಲ್ಲು ಸಿಗುವುದಿಲ್ಲ ಎಂಬುದನ್ನು ಮಾತ್ರ ಬರೆಯಬೇಡ. ಅದಕ್ಕೆ ಟವರು ಬೇಕು.

ಅಷ್ಟಾದ ಮೇಲೂ ಹೊಸದೇ ಬೇಕೆಂದು ಲೆಕ್ಕ ಬಂದರೆ ಧಾರಾಳವಾಗಿ ತೆಗೆದುಕೋ. ಕೂಡಿಟ್ಟ ಹಣ ಪೂರ್ತಿ ಕೊಟ್ಟು ತೆಗೆದುಕೋ. ಹಳೆಯದನ್ನು ಎಕ್ಸ್‌ಚೇಂಜಿನಲ್ಲಿ ಎರಡು ಮೂರು ಸಾವಿರಕ್ಕೆ ಕೊಟ್ಟುಬಿಡಬೇಡ. ಹೊಸ ಬ್ಯಾಟರಿ ಹಾಕಿಸಿ ನಿನ್ನಮ್ಮನಿಗೆ ಕೊಡು, ಅವಳದ್ದು ನನ್ನದಕ್ಕಿಂತ ಹಳೆಯದು. ಕೊಟ್ಟು ಹಾಗೇ ಹೋಗಬೇಡ. ಅರ್ಧ ದಿನ ಪಕ್ಕದಲ್ಲಿ ಕೂತು ಅಕ್ಷರ ದೊಡ್ಡದು ಮಾಡುವುದು, ಕನ್ನಡದಲ್ಲಿ ಹೇಳಿ ಬರೆಸುವುದು, ಬೇಡದ ಕರೆ ತಡೆಯುವುದು ಇಷ್ಟನ್ನಾದರೂ ಹೇಳಿಕೊಟ್ಟು ಹೋಗು.